ಐದು ಸಲ ಸರಿ ಬಂದ ಮೇಲೆ: 4,29,49,67,297 ಎಂಬ ಸಂಖ್ಯೆ

ಅಭ್ಯಾಸ ಬೋಧನೆಯ ಎರಡನೆಯ ಸುತ್ತಿನಲ್ಲಿ ನಡೆದ ಒಂದು ಪಾಠದಿಂದ ಈ ಲೇಖನ ಹುಟ್ಟಿತು. ಪ್ರೌಢಶಾಲೆಯ ಎಂಟನೆಯ ತರಗತಿ. ನಾನು ಹಿಂದಿನ ಬೆಂಚಿನಲ್ಲಿ ವೀಕ್ಷಣಾ ಪುಸ್ತಕ ಹಿಡಿದು ಕೂತಿದ್ದೆ. ನಮ್ಮ ಪ್ರಶಿಕ್ಷಣಾರ್ಥಿ ಬೆಸ ಸಂಖ್ಯೆಗಳ ಮೊತ್ತದ ಪಾಠ ಮಾಡುತ್ತಿದ್ದರು. ಹಲಗೆಯ ಮೇಲೆ ಒಂದರ ಕೆಳಗೊಂದು ಅಚ್ಚುಕಟ್ಟಾಗಿ ಬರೆದರು: 1 = 1, 1 + 3 = 4, 1 + 3 + 5 = 9, 1 + 3 + 5 + 7 = 16. "ಏನು ಕಾಣಿಸ್ತಿದೆ ಮಕ್ಕಳೇ?" ಎಂದು ಕೇಳಿದರು. "ವರ್ಗ ಸಂಖ್ಯೆ ಮಿಸ್!" ಎಂದು ಇಡೀ ತರಗತಿ ಕೂಗಿತು. ಅವರು "ಆದ್ದರಿಂದ" ಎಂದು ಬರೆದು ನಿಯಮವನ್ನು ಚೌಕಟ್ಟಿನೊಳಗೆ ಹಾಕಿದರು.

ಆಗ ಮೂರನೆಯ ಸಾಲಿನ ಹುಡುಗಿಯೊಬ್ಬಳು ಎದ್ದು ನಿಂತಳು. "ಮಿಸ್, ನೂರು ಬೆಸ ಸಂಖ್ಯೆ ಕೂಡಿದ್ರೂ ಹಂಗೇ ಬರುತ್ತಾ? ನಾವು ನಾಲ್ಕೇ ನೋಡಿದ್ವಲ್ಲ."

"ನಾಲ್ಕು ಸಲ ಬಂತಲ್ಲ, ಮುಂದೂ ಬರುತ್ತೆ. ಕೂತ್ಕೋ."

ನಾನು ಪುಸ್ತಕದಲ್ಲಿ "ಅನುಗಮನ ಪದ್ಧತಿಯ ಬಳಕೆ ಉತ್ತಮ. ಸಾಮಾನ್ಯೀಕರಣ ಮಕ್ಕಳಿಂದಲೇ ಬಂದಿದೆ" ಎಂದು ಬರೆದು ಅಂಕ ಹಾಕಿದೆ. ಹುಡುಗಿಯ ಪ್ರಶ್ನೆಯ ಬಗ್ಗೆ ಒಂದಕ್ಷರವನ್ನೂ ಬರೆಯಲಿಲ್ಲ. ಸಂಜೆ ಬಸ್ಸಿನಲ್ಲಿ ಕೂತಾಗ ಅದು ಚುಚ್ಚತೊಡಗಿತು. ಆ ನಲವತ್ತು ನಿಮಿಷಗಳಲ್ಲಿ ನಿಜವಾದ ಗಣಿತದ ಪ್ರಶ್ನೆ ಕೇಳಿದವಳು ಅವಳೊಬ್ಬಳೇ. ಅವಳಿಗೆ ಸಿಕ್ಕಿದ್ದು "ಕೂತ್ಕೋ" ಎಂಬ ಉತ್ತರ, ಆ ಉತ್ತರಕ್ಕೆ ಸಿಕ್ಕಿದ್ದು ನನ್ನ ಅಂಕ.

ಪಾಠ ಮಾಡಿದವರನ್ನು ನಾನು ದೂರುವಂತಿಲ್ಲ. ಉದಾಹರಣೆಯಿಂದ ನಿಯಮಕ್ಕೆ ಹೋಗಿ, ಮೂರು ನಾಲ್ಕು ಉದಾಹರಣೆ ಕೊಡಿ, ಮಕ್ಕಳ ಬಾಯಿಂದಲೇ ನಿಯಮ ಹೊರಡಿಸಿ ಎಂದು ಬೋಧನಾ ಪದ್ಧತಿಯ ತರಗತಿಯಲ್ಲಿ ಹೇಳಿಕೊಟ್ಟವನು ನಾನೇ. ನಾಲ್ಕು ಉದಾಹರಣೆಯಾದ ಮೇಲೆ ಏನು ಮಾಡಬೇಕೆಂಬುದನ್ನು ಮಾತ್ರ ಸರಿಯಾಗಿ ಹೇಳಿಕೊಟ್ಟಿರಲಿಲ್ಲ. ಮರುದಿನ ಕಾಲೇಜಿಗೆ ಹೋದವನು ಅದಕ್ಕಾಗಿ ಒಂದೇ ಒಂದು ಸಂಖ್ಯೆಯನ್ನು ತರಗತಿಗೆ ಒಯ್ದೆ. ಎರಡು ಅವಧಿ ಅದರಲ್ಲೇ ಕಳೆಯಿತು. ಅಲ್ಲಿ ನಡೆದದ್ದನ್ನು, ಸಮಯ ಸಾಲದೆ ಹೇಳಲಾಗದ್ದನ್ನೂ ಸೇರಿಸಿ, ಇಲ್ಲಿ ಬರೆಯುತ್ತಿದ್ದೇನೆ.

ಹಲಗೆಯ ಮೇಲೆ ಮೊದಲು ಬರೆದದ್ದು 2. ಅದರ ವರ್ಗ 4, ಅದರ ವರ್ಗ 16, ಹೀಗೆ ವರ್ಗ ಮಾಡುತ್ತಲೇ ಹೋದರೆ 256, 65536. ಪ್ರತಿಯೊಂದಕ್ಕೂ 1 ಸೇರಿಸಿದರೆ 3, 5, 17, 257, 65537. "ಇವೆಲ್ಲ ಎಂಥ ಸಂಖ್ಯೆಗಳು?" ಎಂದು ಕೇಳಿದೆ. ಮೊದಲ ಮೂರು ಅವಿಭಾಜ್ಯವೆಂದು ತಕ್ಷಣ ಹೇಳಿದರು. 257ಕ್ಕೆ ಅರ್ಧ ನಿಮಿಷ ಹಿಡಿಯಿತು. 16ರವರೆಗಿನ ಅವಿಭಾಜ್ಯಗಳಿಂದ ಭಾಗಿಸಿ ನೋಡಿದರೆ ಸಾಕು. 65537 ಕೂಡ ಅವಿಭಾಜ್ಯವೇ ಎಂದು ನಾನೇ ಹೇಳಿದೆ. "ಹಾಗಾದರೆ ಆರನೆಯದು?" ಎಂದಾಗ ಹಿಂದಿನ ದಿನ ಪಾಠ ಮಾಡಿದವರೇ ಮೊದಲು ಬಾಯಿಬಿಟ್ಟರು: "ಅದೂ ಅವಿಭಾಜ್ಯವೇ ಸರ್, ಐದು ಸಲ ಬಂತಲ್ಲ." ಹೇಳಿದ ಕೂಡಲೇ ತಾವೇ ನಕ್ಕುಬಿಟ್ಟರು. ನಿನ್ನೆಯದೇ ಮಾತು.

ಆರನೆಯದೆಂದರೆ 65536ರ ವರ್ಗಕ್ಕೆ ಒಂದು ಸೇರಿಸಿದ್ದು, ಅಂದರೆ 2³² + 1. ಕೈಯಲ್ಲೇ ಗುಣಿಸಲು ಹೇಳಿದೆ. ಅಂಗಡಿಯಲ್ಲಿ ಬಳಸುವ ಎಂಟು ಅಂಕಿಯ ಕ್ಯಾಲ್ಕುಲೇಟರಿಗೆ ಇದು ಹಿಡಿಸುವುದಿಲ್ಲ. ಉತ್ತರ 4,29,49,67,297: ನಾನೂರ ಇಪ್ಪತ್ತೊಂಬತ್ತು ಕೋಟಿ ನಲವತ್ತೊಂಬತ್ತು ಲಕ್ಷ ಅರವತ್ತೇಳು ಸಾವಿರದ ಇನ್ನೂರ ತೊಂಬತ್ತೇಳು. ಹತ್ತು ಅಂಕಿ. "ಮೊಬೈಲ್ ನಂಬರ್ ಇದ್ದಂಗಿದೆ" ಎಂದರು ಯಾರೋ. ನಮ್ಮ ದೇಶದಲ್ಲಿ ಮೊಬೈಲ್ ಸಂಖ್ಯೆ 4ರಿಂದ ಶುರುವಾಗುವುದಿಲ್ಲ ಎಂದು ಇನ್ನೊಬ್ಬರು ತಿದ್ದಿದರು. ತರಗತಿಯಲ್ಲಿ ಇಂಥ ಮಾತು ಬಂದರೆ ಬರಲಿ. ದೊಡ್ಡ ಸಂಖ್ಯೆಯ ಭಯ ಹೋಗುತ್ತದೆ.

ಈ ಸಾಲಿನ ಸಂಖ್ಯೆಗಳಿಗೆ ಫರ್ಮಾ ಸಂಖ್ಯೆಗಳು ಎಂದು ಹೆಸರು. ಫ್ರಾನ್ಸಿನ ಪಿಯೆರ್ ಡಿ ಫರ್ಮಾ ವೃತ್ತಿಯಲ್ಲಿ ನ್ಯಾಯಾಂಗದವನು, ಗಣಿತ ಅವನ ಗೀಳು. ಈ ಸಾಲಿನ ಸಂಖ್ಯೆಗಳೆಲ್ಲ ಅವಿಭಾಜ್ಯವೆಂದು ತನಗೆ ಅನ್ನಿಸುತ್ತಿದೆ ಎಂದು 1640ರಲ್ಲಿ ಪತ್ರದಲ್ಲಿ ಬರೆದ. ಸಾಧನೆ ತನ್ನ ಬಳಿ ಇಲ್ಲವೆಂದೂ ಒಪ್ಪಿಕೊಂಡಿದ್ದ. ಆ ಪ್ರಾಮಾಣಿಕತೆಯನ್ನು ನಾವು ಗಮನಿಸಬೇಕು: ಅವನು "ಆದ್ದರಿಂದ" ಎಂದು ಬರೆಯಲಿಲ್ಲ. 1729ರ ಡಿಸೆಂಬರಿನಲ್ಲಿ ಗೋಲ್ಡ್‌ಬಾಖ್ ಒಂದು ಪತ್ರದಲ್ಲಿ ಈ ವಿಷಯವನ್ನು ಲಿಯೊನಾರ್ಡ್ ಆಯ್ಲರ್‌ನ ಕಿವಿಗೆ ಹಾಕಿದ. 1732ರಲ್ಲಿ, ಇಪ್ಪತ್ತೈದರ ಆಯ್ಲರ್ ಸೇಂಟ್ ಪೀಟರ್ಸ್‌ಬರ್ಗ್‌ನಲ್ಲಿ ತೋರಿಸಿದ್ದು ಇದು:

4,29,49,67,297 = 641 × 67,00,417

ಐದು ಸಲ ಸರಿ ಬಂದದ್ದು ಆರನೆಯ ಸಲ ಮುರಿದುಬಿತ್ತು. ಮುರಿದದ್ದು ಗೊತ್ತಾಗಲು ತೊಂಬತ್ತೆರಡು ವರ್ಷ ಬೇಕಾಯಿತು.

ಇಲ್ಲಿಗೆ ನಿಲ್ಲಿಸಿ "ನೋಡಿ, ಮಾದರಿಗಳನ್ನು ನಂಬಬೇಡಿ" ಎಂದು ಹೇಳಿ ಹೊರಡುವ ಉಪನ್ಯಾಸಕರನ್ನು ನಾನು ಕಂಡಿದ್ದೇನೆ. ಅದು ಅರ್ಧ ಪಾಠ. ಭಾಗಾಕಾರ ಮಾಡಿ ಶೇಷ ಸೊನ್ನೆ ಎಂದು ತೋರಿಸಿದರೆ ಮಗುವಿಗೆ ಕಾಣುವುದು ಇನ್ನೊಂದು ಲೆಕ್ಕ ಮಾತ್ರ. 641 ಏಕೆ ಭಾಗಿಸುತ್ತದೆ, ಅದು ಹೇಗೆ ಕಣ್ಣಿಗೆ ಬಿತ್ತು ಎಂಬುದರಲ್ಲಿ ಇದರ ನಿಜವಾದ ಸೊಗಸಿದೆ. ಅದನ್ನು ಒಂಬತ್ತನೆಯ ತರಗತಿಯ ಬೀಜಗಣಿತದಿಂದಲೇ ಮುಟ್ಟಬಹುದು.

641 ಎಂಬ ಸಂಖ್ಯೆಯನ್ನು ಎರಡು ರೀತಿ ಬಿಡಿಸಿ ಬರೆಯಿರಿ. ಒಂದು, 640 + 1. ಇದರಲ್ಲಿ 640 ಎಂದರೆ 5 × 2⁷. ಎರಡು, 625 + 16, ಅಂದರೆ 5⁴ + 2⁴. ಎರಡರಲ್ಲೂ ಇರುವುದು 5 ಮತ್ತು 2 ಮಾತ್ರ. ಈಗ 640ರ ನಾಲ್ಕನೆಯ ಘಾತವನ್ನು ನೋಡೋಣ. ಅದು 5⁴ × 2²⁸. ಇದಕ್ಕೆ 2³² ಸೇರಿಸಿದರೆ 2²⁸ ಸಾಮಾನ್ಯವಾಗಿ ಹೊರಬರುತ್ತದೆ:

640⁴ + 2³² = 2²⁸ × (5⁴ + 2⁴) = 2²⁸ × 641

ಇನ್ನೊಂದು ಕಡೆ, ಅ⁴ − 1 = (ಅ + 1)(ಅ − 1)(ಅ² + 1) ಎಂಬ ನಿತ್ಯ ಸಮೀಕರಣ ಮಕ್ಕಳಿಗೆ ಗೊತ್ತು. ಅ ಇದ್ದಲ್ಲಿ 640 ಹಾಕಿ:

640⁴ − 1 = 641 × 639 × (640² + 1)

ಎರಡರ ಬಲಭಾಗದಲ್ಲೂ 641 ಕೂತಿದೆ. ಮೊದಲನೆಯದರಿಂದ ಎರಡನೆಯದನ್ನು ಕಳೆಯಿರಿ. ಎಡಗಡೆ 640⁴ ಹೊರಟುಹೋಗಿ 2³² + 1 ಉಳಿಯುತ್ತದೆ, ಅಂದರೆ ನಮ್ಮ ಸಂಖ್ಯೆ. ಬಲಗಡೆ 641 ಸಾಮಾನ್ಯ ಅಪವರ್ತನ. ಹತ್ತು ಅಂಕಿಯ ಭಾಗಾಕಾರ ಮಾಡದೆಯೇ ಕೆಲಸ ಮುಗಿಯಿತು. ಭಾಗಲಬ್ಧವೂ ಇಲ್ಲೇ ಇದೆ: 2²⁸ ಎಂದರೆ 26,84,35,456, 639 × 4,09,601 ಎಂದರೆ 26,17,35,039, ವ್ಯತ್ಯಾಸ 67,00,417.

ಇದನ್ನು ಹಲಗೆಯ ಮೇಲೆ ಮುಗಿಸಿದಾಗ ತರಗತಿ ಸುಮ್ಮನಾಗಿತ್ತು. ಹೆಚ್ಚು ಹೊತ್ತಲ್ಲ. "ಸರ್, 641 ಅಂತ ಗೊತ್ತಿದ್ರೆ ಸರಿ. ಆದ್ರೆ 641ನ್ನೇ ಹಿಡಿಯೋದು ಹೇಗೆ?" ಎಂದು ಒಬ್ಬರು ಕೇಳಿದರು. ಒಳ್ಳೆಯ ಪ್ರಶ್ನೆ. ಮೇಲಿನ ಸಾಧನೆ ಉತ್ತರ ಗೊತ್ತಾದ ಮೇಲೆ ಹೊಲಿದ ಅಂಗಿ. 2, 3, 5, 7 ಎಂದು ಒಂದೊಂದೇ ಅವಿಭಾಜ್ಯದಿಂದ ಭಾಗಿಸುತ್ತ ಹೋದರೆ 641 ಬರುವುದು 116ನೆಯ ಸರದಿಯಲ್ಲಿ; 115 ಸಲ ಸೋಲಬೇಕು. ಆಯ್ಲರ್ ಮುಂದಿನ ವರ್ಷಗಳಲ್ಲಿ ಬರೆದಿಟ್ಟ ದಾರಿ ಇದಕ್ಕಿಂತ ಬಹಳ ಹತ್ತಿರದ್ದು.

ಅದಕ್ಕೆ ಬೇಕಾದದ್ದು ಶೇಷಗಳ ಆವರ್ತನ. 2ರ ಘಾತಗಳನ್ನು 17ರಿಂದ ಭಾಗಿಸಿ ಶೇಷಗಳನ್ನು ಸಾಲಾಗಿ ಬರೆದರೆ 2, 4, 8, 16, 15, 13, 9, 1 ಬರುತ್ತದೆ. ಮತ್ತೆ 2, 4, 8. ಎಂಟು ಹೆಜ್ಜೆಗೆ ಒಂದು ಸುತ್ತು. ಸುತ್ತಿನ ಅರ್ಧದಲ್ಲಿ, ನಾಲ್ಕನೆಯ ಹೆಜ್ಜೆಯಲ್ಲಿ, ಶೇಷ 16. ಅಂದರೆ ಒಂದು ಕಡಿಮೆ, −1. ಯಾವುದೇ ಬೆಸ ಅವಿಭಾಜ್ಯವನ್ನು ತೆಗೆದುಕೊಂಡರೂ ಸುತ್ತಿನ ಉದ್ದ ಆ ಅವಿಭಾಜ್ಯಕ್ಕಿಂತ ಒಂದು ಕಡಿಮೆಯಾದ ಸಂಖ್ಯೆಯನ್ನು ಶೇಷವಿಲ್ಲದೆ ಭಾಗಿಸುತ್ತದೆ; ಇಲ್ಲಿ 8 ಎಂಬುದು 16ನ್ನು ಭಾಗಿಸಿದಂತೆ. ಇದು ಫರ್ಮಾನ ಕಿರು ಪ್ರಮೇಯದ ಫಲ. ಈಗ ಯಾವುದೋ ಅವಿಭಾಜ್ಯ 2³² + 1ನ್ನು ಭಾಗಿಸುತ್ತದೆ ಎನ್ನಿ. ಆಗ 2³² ಕೊಡುವ ಶೇಷ −1, ಅದರ ವರ್ಗವಾದ 2⁶⁴ ಕೊಡುವ ಶೇಷ 1. ಅಂದರೆ ಸುತ್ತಿನ ಉದ್ದ 64ನ್ನು ಭಾಗಿಸುತ್ತದೆ, 32ನ್ನು ಭಾಗಿಸುವುದಿಲ್ಲ. ಹಾಗಿದ್ದ ಮೇಲೆ ಅದು 64 ಆಗಲೇಬೇಕು. ಆದ್ದರಿಂದ ನಮಗೆ ಬೇಕಾದ ಅವಿಭಾಜ್ಯ 64ರ ಒಂದು ಅಪವರ್ತ್ಯಕ್ಕೆ 1 ಸೇರಿಸಿದ ಸಂಖ್ಯೆ. ಈ "ಆದ್ದರಿಂದ" ದುಡಿದು ಗಳಿಸಿದ್ದು.

ಅಂಥ ಅವಿಭಾಜ್ಯಗಳು ಯಾವುವು? 65, 129 ಬಿಡಿ. 193, 257, 449, 577, 641. ಐದನೆಯದೇ ಉತ್ತರ! ಪ್ರಶಿಕ್ಷಣಾರ್ಥಿಗಳನ್ನು ಐದು ಗುಂಪು ಮಾಡಿ ಒಂದೊಂದು ಗುಂಪಿಗೆ ಒಂದೊಂದು ಅವಿಭಾಜ್ಯ ಕೊಟ್ಟೆ. ಹತ್ತು ಅಂಕಿಯ ಸಂಖ್ಯೆಯನ್ನು ನೇರವಾಗಿ ಭಾಗಿಸುವುದು ಬೇಡ. 65536ರ ಶೇಷ ಹಿಡಿದು, ಆ ಶೇಷವನ್ನು ವರ್ಗ ಮಾಡಿ, ಮತ್ತೆ ಶೇಷ ಹಿಡಿದು, ಒಂದು ಕೂಡಿಸಿದರೆ ಸಾಕು ಎಂದೆ. 641ರ ಗುಂಪಿನ ಲೆಕ್ಕ ಹೀಗಿತ್ತು: 65536ರ ಶೇಷ 154; 154ರ ವರ್ಗ 23716; ಅದರ ಶೇಷ 640; ಒಂದು ಕೂಡಿಸಿದರೆ 641, ಅಂದರೆ ಸೊನ್ನೆ. ಉಳಿದ ಗುಂಪುಗಳಿಗೆ ಕ್ರಮವಾಗಿ 109, 2, 325, 288 ಬರಬೇಕು. ಒಂದು ಗುಂಪು ಮೊದಲ ಸಲ ತಪ್ಪಿತು, ಪಕ್ಕದ ಗುಂಪು ತಿದ್ದಿತು. ಇಡೀ ಕೆಲಸಕ್ಕೆ ಹದಿನೈದು ನಿಮಿಷವೂ ಹಿಡಿಯಲಿಲ್ಲ.

ಇಲ್ಲೊಂದು ವಿಚಿತ್ರವಿದೆ. ಕಿರು ಪ್ರಮೇಯ ಫರ್ಮಾನದೇ, ಅದೂ 1640ರದೇ. ಕೈಯಲ್ಲೇ ಇದ್ದ ಆಯುಧ ಅದು. ಐದು ಭಾಗಾಕಾರ ಮಾಡಿದ್ದರೆ ಅವನ ಊಹೆ ಅವತ್ತೇ ಬಿದ್ದುಹೋಗುತ್ತಿತ್ತು. ಮಾಡಲಿಲ್ಲವೋ, ಮಾಡಿ ಲೆಕ್ಕ ತಪ್ಪಿದನೋ. ನನಗೆ ಎರಡನೆಯದೇ ಹೆಚ್ಚು ಸಂಭವವೆಂದು ತೋರುತ್ತದೆ, ಯಾಕೆಂದರೆ ಕೈಲೆಕ್ಕದಲ್ಲಿ ತಪ್ಪುವುದು ಎಷ್ಟು ಸುಲಭವೆಂದು ಉತ್ತರ ಪತ್ರಿಕೆ ತಿದ್ದುವವರಿಗೆಲ್ಲ ಗೊತ್ತು.

ಅದೇ ದಾರಿಯಲ್ಲಿ ಹಿಂದಿನ ಸಂಖ್ಯೆಗೂ ಹೋಗಿಬರಬಹುದು. 65537ನ್ನು ಭಾಗಿಸಬಲ್ಲ ಅವಿಭಾಜ್ಯ 32ರ ಅಪವರ್ತ್ಯಕ್ಕಿಂತ ಒಂದು ಹೆಚ್ಚಿರಬೇಕು, 256ನ್ನು ಮೀರಬಾರದು. ಅಂಥವು ಎರಡೇ: 97 ಮತ್ತು 193. ಶೇಷಗಳು 62 ಮತ್ತು 110. ಎರಡೇ ಭಾಗಾಕಾರದಲ್ಲಿ 65537 ಅವಿಭಾಜ್ಯವೆಂದು ಖಚಿತವಾಯಿತು. ನಾನು ಮೊದಲು "ಅವಿಭಾಜ್ಯವೇ" ಎಂದು ಬರೀ ಬಾಯಿಮಾತಿನಲ್ಲಿ ಹೇಳಿದ್ದಕ್ಕೆ ಅಲ್ಲಿ ಸಾಲ ತೀರಿತು.

67,00,417ರ ಕಥೆಯೇನು? ಅದನ್ನು ಇನ್ನೂ ಒಡೆಯಬಹುದೇ? ಹತ್ತೊಂಬತ್ತನೆಯ ಶತಮಾನದಲ್ಲಿ ಫ್ರಾನ್ಸಿನ ಎಡ್ವಾರ್ ಲ್ಯೂಕಾ ಆಯ್ಲರ್‌ನ ನಿಯಮವನ್ನು ಇನ್ನಷ್ಟು ಬಿಗಿ ಮಾಡಿದ: ನಮ್ಮ ಸಂಖ್ಯೆಯ ಅವಿಭಾಜ್ಯ ಅಪವರ್ತನಗಳು 128ರ ಅಪವರ್ತ್ಯಕ್ಕಿಂತ ಒಂದು ಹೆಚ್ಚಿರಬೇಕು. 641 ಎಂದರೆ 5 × 128 + 1, ಸರಿಯಾಗಿದೆ. 67,00,417ರ ವರ್ಗಮೂಲ 2588ಕ್ಕಿಂತ ಸ್ವಲ್ಪ ಹೆಚ್ಚು. ಅಲ್ಲಿಯವರೆಗೆ ಈ ರೂಪದ ಅವಿಭಾಜ್ಯಗಳು 257, 641, 769, 1153, 1409 ಮಾತ್ರ. ಶೇಷಗಳು 170, 44, 120, 334, 622. ಯಾವುದೂ ಸೊನ್ನೆಯಲ್ಲ, ಆದ್ದರಿಂದ 67,00,417 ಅವಿಭಾಜ್ಯ. ಅರವತ್ತೇಳು ಲಕ್ಷದ ಸಂಖ್ಯೆಯೊಂದನ್ನು ಐದು ಭಾಗಾಕಾರದಲ್ಲಿ ಅವಿಭಾಜ್ಯವೆಂದು ಸಾಧಿಸಿದ ಖುಷಿ ಪ್ರಶಿಕ್ಷಣಾರ್ಥಿಗಳ ಮುಖದಲ್ಲಿ ಕಾಣುತ್ತಿತ್ತು. ಈ ಲೆಕ್ಕವನ್ನು ಓದುಗರೂ ಒಮ್ಮೆ ಕೈಯಾರೆ ಮಾಡಬೇಕು.

ಎರಡನೆಯ ಅವಧಿಯಲ್ಲಿ ನಾನು ಈ ಸಂಖ್ಯೆಯ ನೆರೆಹೊರೆಗೆ ಹೋದೆ. ಒಂದು ಕಡಿಮೆ ಮಾಡಿದರೆ 4,29,49,67,296, ಅಂದರೆ 2³². 32 ಬಿಟ್‌ಗಳಲ್ಲಿ ಬರೆಯಬಹುದಾದ ಬೇರೆ ಬೇರೆ ಸಂಖ್ಯೆಗಳ ಎಣಿಕೆ ಇದು. ಅಂತರ್ಜಾಲದ ಹಳೆಯ ಪದ್ಧತಿಯ ವಿಳಾಸಗಳ ಒಟ್ಟು ಎಣಿಕೆಯೂ ಇದೇ. ಎರಡು ಕಡಿಮೆ ಮಾಡಿದರೆ ಇನ್ನೂ ಸ್ವಾರಸ್ಯ:

3 × 5 × 17 × 257 × 65537 = 4,29,49,67,295

ಹಿಂದಿನ ಐದೂ ಫರ್ಮಾ ಸಂಖ್ಯೆಗಳ ಗುಣಲಬ್ಧ ಆರನೆಯದಕ್ಕಿಂತ ಸರಿಯಾಗಿ ಎರಡು ಕಡಿಮೆ. ವರ್ಗಗಳ ವ್ಯತ್ಯಾಸದ ಸೂತ್ರವನ್ನು ಮತ್ತೆ ಮತ್ತೆ ಬಳಸಿದರೆ ಇದು ಬರುತ್ತದೆ: 2³² − 1 = (2¹⁶ + 1)(2¹⁶ − 1), ಎರಡನೆಯ ಆವರಣವನ್ನು ಮತ್ತೆ ಒಡೆಯಿರಿ, ಮತ್ತೆ ಒಡೆಯಿರಿ, ಕೊನೆಗೆ 3 × 1. ಹಾಗಾಗಿ ಹಿಂದಿನ ಯಾವುದೇ ಫರ್ಮಾ ಸಂಖ್ಯೆಯಿಂದ ಭಾಗಿಸಿದರೂ ನಮ್ಮ ಸಂಖ್ಯೆ ಕೊಡುವ ಶೇಷ 2. 257ರ ಗುಂಪಿಗೆ 2 ಬಂದದ್ದು ಇದರಿಂದಲೇ. ಅವರು ಭಾಗಿಸುವ ಅಗತ್ಯವೇ ಇರಲಿಲ್ಲ. ಯಾವ ಎರಡು ಫರ್ಮಾ ಸಂಖ್ಯೆಗಳಿಗೂ ಸಾಮಾನ್ಯ ಅಪವರ್ತನ ಇರುವುದಿಲ್ಲ ಎಂಬುದೂ ಇದರಿಂದ ಹೊರಡುತ್ತದೆ. ಪ್ರತಿ ಹೊಸ ಫರ್ಮಾ ಸಂಖ್ಯೆ ಒಂದಾದರೂ ಹೊಸ ಅವಿಭಾಜ್ಯವನ್ನು ತರಲೇಬೇಕು, ಸಾಲಿಗೆ ಕೊನೆಯಿಲ್ಲ, ಆದ್ದರಿಂದ ಅವಿಭಾಜ್ಯಗಳಿಗೂ ಕೊನೆಯಿಲ್ಲ. ಹತ್ತನೆಯ ತರಗತಿಯ ವಾಸ್ತವ ಸಂಖ್ಯೆಗಳ ಪಾಠಕ್ಕೆ ಇದನ್ನು ಹೆಚ್ಚುವರಿ ಚಟುವಟಿಕೆಯಾಗಿ ಸೇರಿಸಬಹುದು. ಆರನೆಯ ಸಂಖ್ಯೆ ಅವಿಭಾಜ್ಯವಲ್ಲದಿದ್ದರೂ ಈ ವಾದಕ್ಕೆ ಏನೂ ಧಕ್ಕೆಯಿಲ್ಲ.

ನನಗೆ ಅತ್ಯಂತ ಇಷ್ಟವಾದದ್ದು ಇನ್ನೊಂದು. ನಮ್ಮ ಸಂಖ್ಯೆ 65536² + 1² ಎಂಬುದು ಅದರ ಹುಟ್ಟಿನಿಂದಲೇ ಸ್ಪಷ್ಟ. ಆದರೆ ಅದು 62264² + 20449² ಕೂಡ ಹೌದು. ಕೂಡಿ ನೋಡಿ: 3,87,68,05,696 + 41,81,61,601. ಒಂದು ಅವಿಭಾಜ್ಯವನ್ನು ಎರಡು ವರ್ಗಗಳ ಮೊತ್ತವಾಗಿ ಬರೆಯಲು ಸಾಧ್ಯವಾದರೆ ಒಂದೇ ರೀತಿಯಲ್ಲಿ ಸಾಧ್ಯ. ಎರಡು ರೀತಿಯಲ್ಲಿ ಬರೆಯಲು ಬಂದಿತೆಂದರೆ, ಯಾವ ಅಪವರ್ತನವೂ ಕೈಗೆ ಸಿಗುವ ಮೊದಲೇ, ಅದು ಸಂಯುಕ್ತ ಸಂಖ್ಯೆಯೆಂದು ಗೊತ್ತಾಗಿಬಿಡುತ್ತದೆ.

ಈ ಎರಡನೆಯ ರೂಪ ಎಲ್ಲಿಂದ ಬಂತು? 641 = 25² + 4². 67,00,417 = 2556² + 409². ಇಂಥ ಎರಡು ಮೊತ್ತಗಳನ್ನು ಗುಣಿಸುವ ನಿಯಮ ಹೀಗಿದೆ:

(ಕ² + ಖ²)(ಗ² + ಘ²) = (ಕಗ + ಖಘ)² + (ಕಘ − ಖಗ)²

ಕೂಡುವ ಮತ್ತು ಕಳೆಯುವ ಗುರುತುಗಳನ್ನು ಅದಲುಬದಲು ಮಾಡಿದರೂ ಸಮೀಕರಣ ಸರಿಯೇ. ಬ್ರಹ್ಮಗುಪ್ತ 628ರ ಬ್ರಾಹ್ಮಸ್ಫುಟಸಿದ್ಧಾಂತದಲ್ಲಿ ವರ್ಗಪ್ರಕೃತಿ ಸಮೀಕರಣಗಳಿಗಾಗಿ ಕೊಟ್ಟ ಭಾವನಾ ಸೂತ್ರದ ಸರಳ ರೂಪ ಇದು. ಕ = 25, ಖ = 4, ಗ = 2556, ಘ = 409 ಎಂದು ಹಾಕಿ. ಕಗ 63900, ಖಘ 1636, ಕೂಡಿದರೆ 65536. ಕಘ 10225, ಖಗ 10224, ಕಳೆದರೆ 1. ಗುರುತು ಬದಲಿಸಿದರೆ 63900 − 1636 = 62264, 10225 + 10224 = 20449. ಎರಡೂ ರೂಪಗಳು ಒಂದೇ ಸೂತ್ರದ ಎರಡು ಮುಖ. 10225 ಮತ್ತು 10224ರ ನಡುವೆ ಒಂದೇ ಒಂದು ವ್ಯತ್ಯಾಸ ಉಳಿದದ್ದನ್ನು ಕಂಡಾಗ ತರಗತಿಯಲ್ಲಿ ಒಬ್ಬರು "ಅಬ್ಬಾ" ಎಂದರು. ಹಲವು ಸಲ ಮಾಡಿದ ಲೆಕ್ಕವಾದರೂ ನನಗೂ ಹಾಗೇ ಅನ್ನಿಸುತ್ತದೆ. ತಿರುಗಿಸಿಯೂ ಮಾಡಬಹುದು. 65536 − 62264 = 3272, 20449 − 1 = 20448; ಎರಡನ್ನೂ ಮ.ಸಾ.ಅ. ಆದ 8ರಿಂದ ಭಾಗಿಸಿದರೆ 409 ಮತ್ತು 2556. ಅವುಗಳ ವರ್ಗಗಳನ್ನು ಕೂಡಿದರೆ ಅಪವರ್ತನವೇ ಕೈಗೆ ಬಂದು ಬೀಳುತ್ತದೆ.

ಈ ಸಂಖ್ಯೆಗೆ ಒಂದು ಕಪಟವೂ ಇದೆ. ಒಂದು ಸಂಖ್ಯೆ ಅವಿಭಾಜ್ಯವೇ ಎಂದು ಪರೀಕ್ಷಿಸಲು, 2ನ್ನು ಆ ಸಂಖ್ಯೆಗಿಂತ ಒಂದು ಕಡಿಮೆಯ ಘಾತಕ್ಕೇರಿಸಿ ಶೇಷ 1 ಬರುತ್ತದೆಯೇ ನೋಡುವ ಪದ್ಧತಿಯಿದೆ. ಬರದಿದ್ದರೆ ಅದು ಖಂಡಿತ ಸಂಯುಕ್ತ. ನಮ್ಮ ಸಂಖ್ಯೆಯನ್ನು ಈ ಪರೀಕ್ಷೆಗೆ ಕೂರಿಸಿದರೆ ಶೇಷ 1 ಬಂದು ಪಾಸಾಗಿಬಿಡುತ್ತದೆ! ಕಾರಣ ಸರಳ: 2⁶⁴ರ ಶೇಷವೇ 1, ಮತ್ತು ಇಲ್ಲಿ ಬೇಕಾದ ಘಾತ 64ರ ಅಪವರ್ತ್ಯ. 2ರ ಬದಲು 3ನ್ನು ಕೂರಿಸಿದರೆ ಗುಟ್ಟು ರಟ್ಟಾಗುತ್ತದೆ. ಫರ್ಮಾ ಸಂಖ್ಯೆಗಳಿಗೆಂದೇ ಪೆಪಿನ್ 1877ರಲ್ಲಿ ಕೊಟ್ಟ ಪರೀಕ್ಷೆಯಲ್ಲಿ 3ನ್ನೇ ಬಳಸುತ್ತಾರೆ.

ರೇಖಾಗಣಿತದ ನಂಟನ್ನು ಚಿಕ್ಕದಾಗಿ ಹೇಳಿಬಿಡುತ್ತೇನೆ. 1796ರಲ್ಲಿ, ಇನ್ನೂ ಹತ್ತೊಂಬತ್ತು ತುಂಬದ ಗೌಸ್, 17 ಬಾಹುಗಳ ಕ್ರಮಬದ್ಧ ಬಹುಭುಜವನ್ನು ಅಳತೆಯಿಲ್ಲದ ಪಟ್ಟಿ ಮತ್ತು ಕೈವಾರದಿಂದ ರಚಿಸಬಹುದೆಂದು ತೋರಿಸಿದ. ಫರ್ಮಾ ಸಾಲಿನ ಅವಿಭಾಜ್ಯಗಳಿಗೆಲ್ಲ ಇದು ಸಾಧ್ಯ. ಆರನೆಯದು ಅವಿಭಾಜ್ಯವಾಗಿದ್ದರೆ ನಾನೂರು ಕೋಟಿಗೂ ಮೀರಿದ ಬಾಹುಗಳ ಬಹುಭುಜಕ್ಕೂ ಆ ಭಾಗ್ಯವಿರುತ್ತಿತ್ತು.

ಮುಂದೇನಾಯಿತು ಎಂದೂ ಕೇಳಿದರು. ಏಳನೆಯದು, 2⁶⁴ + 1, ಇಪ್ಪತ್ತು ಅಂಕಿಯ ಸಂಖ್ಯೆ. 1880ರಲ್ಲಿ ಲಾಂಡ್ರಿ ಅದನ್ನು ಒಡೆದ, ಒಂದು ಅಪವರ್ತನ 2,74,177. ಆರನೆಯದರಿಂದ ಮೂವತ್ತಮೂರನೆಯದರವರೆಗೆ, ಅಂದರೆ 2ರ ಘಾತಸೂಚಿ 2³² ಆಗುವವರೆಗೆ, ಎಲ್ಲವೂ ಸಂಯುಕ್ತವೆಂದು ಗೊತ್ತಾಗಿದೆ. ಅದರ ಮುಂದಿನದಕ್ಕೆ 258 ಕೋಟಿಗೂ ಹೆಚ್ಚು ಅಂಕಿಗಳು. ಅದರ ಸ್ಥಿತಿ ಇನ್ನೂ ತೀರ್ಮಾನವಾಗಿಲ್ಲ. ಫರ್ಮಾ ಎಲ್ಲವೂ ಅವಿಭಾಜ್ಯವೆಂದು ಭಾವಿಸಿದ್ದ. ಅವನಿಗೆ ಗೊತ್ತಿದ್ದ ಐದನ್ನು ಬಿಟ್ಟು ಆರನೆಯ ಅವಿಭಾಜ್ಯ ಇವತ್ತಿನವರೆಗೂ ಸಿಕ್ಕಿಲ್ಲ. ಹಾಗಾದರೆ "ಐದರ ನಂತರ ಎಲ್ಲವೂ ಸಂಯುಕ್ತ" ಎಂದುಬಿಡೋಣವೇ ಎಂದು ನಾನು ಕೇಳಿದೆ. ಈ ಸಲ ಯಾರೂ ಹೂಂ ಎನ್ನಲಿಲ್ಲ. "ಅದಕ್ಕೂ ಸಾಧನೆ ಬೇಕಲ್ಲ ಸರ್" ಎಂದರು.

ಹಾಗೆಂದು ಅನುಗಮನ ಪದ್ಧತಿಯನ್ನು ಕೈಬಿಡಿ ಎಂದು ನಾನು ಹೇಳುತ್ತಿಲ್ಲ. ಉದಾಹರಣೆ ನೋಡದೆ ಯಾರಿಗೂ ಊಹೆ ಹೊಳೆಯುವುದಿಲ್ಲ. ಫರ್ಮಾನಿಗೂ ಹೊಳೆದದ್ದು ಹಾಗೆಯೇ. ನನ್ನ ತಕರಾರು ನಮ್ಮ ಪಾಠ ಯೋಜನೆಯ ನಮೂನೆಯ ಬಗ್ಗೆ. ಅದರಲ್ಲಿ ಉದಾಹರಣೆ, ವೀಕ್ಷಣೆ, ಸಾಮಾನ್ಯೀಕರಣ, ಅನ್ವಯ ಎಂದು ಕಾಲಮ್ಮುಗಳಿವೆ. "ಏಕೆ?" ಎಂಬುದಕ್ಕೆ ಜಾಗವಿಲ್ಲ. ಬೆಸ ಸಂಖ್ಯೆಗಳ ಪಾಠದಲ್ಲಿ ಆ ಜಾಗ ತುಂಬಲು ಹೆಚ್ಚೇನೂ ಬೇಕಿರಲಿಲ್ಲ. ಒಂದು ಚುಕ್ಕಿ ಇಡಿ. ಅದರ ಬಲಕ್ಕೆ, ಕೆಳಕ್ಕೆ, ಮೂಲೆಗೆ ಮೂರು ಚುಕ್ಕಿ ಇಟ್ಟರೆ ಎರಡರ ಚೌಕ. ಅದರ ಅಂಚಿಗೆ ಐದು ಇಟ್ಟರೆ ಮೂರರ ಚೌಕ. ಹೊಸ ಅಂಚಿಗೆ ಯಾವಾಗಲೂ ಹಿಂದಿನದಕ್ಕಿಂತ ಎರಡು ಚುಕ್ಕಿ ಹೆಚ್ಚು ಬೇಕು, ಏಕೆಂದರೆ ಎರಡೂ ತೋಳುಗಳು ಒಂದೊಂದು ಚುಕ್ಕಿ ಉದ್ದವಾಗುತ್ತವೆ. ನೂರನೆಯ ಚೌಕದಲ್ಲಿ ಈ ಕಾರಣ ಬದಲಾಗುವುದಿಲ್ಲ. ಮೂರನೆಯ ಸಾಲಿನ ಹುಡುಗಿ ಕೇಳಿದ್ದು ಈ ಕಾರಣವನ್ನೇ. 3, 5, 17, 257, 65537 ಎಂಬ ಸಾಲಿನಲ್ಲಿ ಅಂಥ ಕಾರಣ ಯಾವುದೂ ಇರಲಿಲ್ಲ, ಐದು ಸಲದ ಅದೃಷ್ಟವಿತ್ತು. ಹೊರಗಿನಿಂದ ನೋಡಿದರೆ ಎರಡೂ ಒಂದೇ ರೀತಿ ಕಾಣುತ್ತವೆ. ಮಗುವಿಗೆ ವ್ಯತ್ಯಾಸ ತಿಳಿಯಬೇಕಾದರೆ ಎರಡನ್ನೂ ಪಕ್ಕಪಕ್ಕ ಇಟ್ಟು ತೋರಿಸಬೇಕು.

ಎಂಟನೆಯ ತರಗತಿಗೆ ಶೇಷಗಳ ಆವರ್ತನ ಭಾರವಾದೀತು. ಅಲ್ಲಿ 641 × 67,00,417 ಎಂದು ಗುಣಿಸಿ ನೋಡಿದರೆ ಸಾಕು. ಒಂಬತ್ತರಲ್ಲಿ 640⁴ರ ಸಾಧನೆ ಮಾಡಬಹುದು. ಎರಡು ವರ್ಗಗಳ ಆಟವನ್ನು ಗಣಿತ ಸಂಘದ ಚಟುವಟಿಕೆಗೆ ಇಟ್ಟುಕೊಳ್ಳಿ. ಒಂದು ಎಚ್ಚರಿಕೆ: ಮೊದಲೇ "ಇದು ಒಡೆಯುತ್ತದೆ" ಎಂದು ಹೇಳಿಬಿಟ್ಟರೆ ಪಾಠದ ಜೀವ ಹೋಗುತ್ತದೆ. ಮಕ್ಕಳು ಮೊದಲು "ಅವಿಭಾಜ್ಯ" ಎಂದು ಪಂತ ಕಟ್ಟಬೇಕು.

ಎರಡು ವಾರದ ನಂತರ ಅದೇ ಪ್ರಶಿಕ್ಷಣಾರ್ಥಿಯ ವಿಮರ್ಶಾ ಪಾಠಕ್ಕೆ ಹೋದೆ. ಅದೇ ಶಾಲೆ, ಅದೇ ಎಂಟನೆಯ ತರಗತಿ. ವಿಷಯ, ತ್ರಿಭುಜದ ಒಳಕೋನಗಳ ಮೊತ್ತ. ಮಕ್ಕಳು ಅಳೆದರು, 179, 180, 181 ಬಂತು. ಹಲಗೆಯ ಮೇಲೆ ಅವರು "180?" ಎಂದು ಪ್ರಶ್ನಾರ್ಥಕ ಚಿಹ್ನೆಯೊಂದಿಗೆ ಬರೆದು ಮೂರನೆಯ ಸಾಲಿನತ್ತ ತಿರುಗಿದರು. "ನಾವು ಎಷ್ಟು ತ್ರಿಭುಜ ನೋಡಿದ್ವಿ?" ಎಂದರು. "ಮೂವತ್ತೆಂಟು ಮಿಸ್," ಎಂದಳು ಆ ಹುಡುಗಿ, "ನೋಡದೇ ಇರೋವು ತುಂಬ ಇವೆ." ಸಮಾಂತರ ರೇಖೆ ಎಳೆಯುವಷ್ಟರಲ್ಲಿ ಗಂಟೆ ಹೊಡೆಯಿತು.

ಸಮಯ ಪಾಲನೆಯ ಕಾಲಮ್ಮಿನಲ್ಲಿ ಒಂದು ಅಂಕ ಕಡಿಮೆ ಹಾಕಲೇಬೇಕಾಯಿತು. ಸಾಮಾನ್ಯೀಕರಣದ ಕಾಲಮ್ಮಿನ ಮುಂದೆ ಸ್ವಲ್ಪ ಹೊತ್ತು ಪೆನ್ನು ಹಿಡಿದು ಕೂತು, "ನಾಳೆಗೆ ಮುಂದುವರಿದಿದೆ" ಎಂದು ಬರೆದು ಪೂರ್ಣ ಅಂಕ ಕೊಟ್ಟೆ.